ಬಾಡಿಗೆ ನಾಲ್ಕಾಣೆ, ಮಾತು ಒಂದು ರೂಪಾಯಿ

ಬೀದರ್ ಕಡೆ ಬಡ್ಡಿಯನ್ನು ವರ್ಷಕ್ಕೆ ಶೇಕಡ ಇಷ್ಟು ಎಂದು ಹೇಳಿದರೆ ಅರ್ಧ ಜನರ ಕಿವಿಗೆ ಹೋಗುವುದಿಲ್ಲ. ಗಾಂಧಿ ಗಂಜಿನ ಅಡತಿ ಅಂಗಡಿಯಿಂದ ಔರಾದಿನ ತೊಗರಿ ಹೊಲದವರೆಗೆ ಎಲ್ಲರದೂ ತಿಂಗಳಿಗೆ ನೂರಕ್ಕೆ ಎಷ್ಟು ಎಂಬ ಲೆಕ್ಕವೇ. ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 24, ಒಂದು ರೂಪಾಯಿ ಎಂದರೆ ಶೇ 12. ಅದರ ಕೆಳಗಿನದು ಎಂಟಾಣೆ, ನಾಲ್ಕಾಣೆ. ಇವತ್ತಿನ ಅಂಕಣವನ್ನು ಆಣೆಯಲ್ಲೇ ಬರೆಯುತ್ತೇನೆ. ಹದಿನಾರು ಆಣೆಗೆ ಒಂದು ರೂಪಾಯಿ ಎಂಬುದು ಹುಡುಗರ ನೆನಪಿನಲ್ಲಿರಲಿ.

ಭಾಲ್ಕಿಯಲ್ಲಿರುವ ನಮ್ಮ ಮಾವನವರಿಗೆ ನಿವೃತ್ತಿಯ ರೊಕ್ಕ ಬಂದಾಗ ಒಬ್ಬ ಏಜೆಂಟ ಮನೆಗೆ ಬಂದಿದ್ದ. "ಕಾಕಾ, ಹತ್ತು ಲಕ್ಷ ಹಾಕಿ ಮರ್ತಬಿಡ್ರಿ. ತಿಂಗಳ ತಿಂಗಳ ಒಂದು ರೂಪಾಯಿ ಲೆಕ್ಕದಾಗ ಬಾಡಿಗಿ ಖಾತೆಕ ಬೀಳ್ತದ." ಸಂಗಾರೆಡ್ಡಿ ದಾಟಿ ಹೈದರಾಬಾದಿನ ಅಂಚಿನಲ್ಲಿ ಒಂದು ಅಪಾರ್ಟ್‌ಮೆಂಟು. ಐವತ್ತು ಮಂದಿ ಸೇರಿ ಕೊಳ್ಳುವುದು, ನಡೆಸುವ ತಲೆನೋವು ಅವರದು, ಬಾಡಿಗೆ ನಮ್ಮದು. ಅಮೆರಿಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂದೂ ಸೇರಿಸಿದ್ದ. ಮಾವನವರು ಕಾಗದಗಳನ್ನು ನನ್ನ ಕೈಗಿಟ್ಟರು.

ನಾನು ಕೇಳಿದ್ದು ಒಂದೇ: ಆ ಕಡೆ 60 ಲಕ್ಷದ ಫ್ಲ್ಯಾಟಿಗೆ ಇವತ್ತು ಬಾಡಿಗೆ ಎಷ್ಟು? ಹದಿನೈದು ಸಾವಿರ ಎಂದ. ಅಂದರೆ ನೂರಕ್ಕೆ ನಾಲ್ಕಾಣೆ, ವರ್ಷಕ್ಕೆ ಶೇ 3. ಅದರಲ್ಲೇ ಮೇಂಟೆನೆನ್ಸು, ಮನೆ ತೆರಿಗೆ, ಖಾಲಿ ಬಿದ್ದ ತಿಂಗಳುಗಳು ಕಳೆಯಬೇಕು. ಬಾಡಿಗೆದಾರ ನಾಲ್ಕಾಣೆ ಕೊಟ್ಟರೆ ಮಾವನವರಿಗೆ ಒಂದು ರೂಪಾಯಿ ಎಲ್ಲಿಂದ ಬರುತ್ತದೆ? ಉಳಿದ ಹನ್ನೆರಡಾಣೆ ಅವರದೇ ಅಸಲಿನಿಂದ ಬರಬೇಕು, ಇಲ್ಲವೇ ಮುಂದಿನ ತಿಂಗಳು ರೊಕ್ಕ ಹಾಕುವ ಇನ್ನೊಬ್ಬ ಕಾಕಾನಿಂದ. ಮೂರನೆಯ ದಾರಿ ನನಗೆ ಕಾಣಲಿಲ್ಲ. ಏಜೆಂಟನಿಗೂ ಕಾಣಲಿಲ್ಲವೆಂದು ತೋರುತ್ತದೆ, ಚಹಾ ಕುಡಿದು ಎದ್ದ.

ಅಮೆರಿಕದ ಮಾತು ಪೂರ್ತಿ ಸುಳ್ಳಲ್ಲ. ಅಲ್ಲಿ ಸಿಂಡಿಕೇಶನ್ ಎಂಬ ಪದ್ಧತಿ ಇದೆ. ನಡೆಸುವವನೊಬ್ಬ ಮುಂದೆ ನಿಂತು ನೂರಾರು ಮನೆಗಳ ಕಟ್ಟಡ ಹಿಡಿಯುತ್ತಾನೆ, ಡಾಕ್ಟರು, ಸಾಫ್ಟ್‌ವೇರಿನವರು ಹಿಂದಿನಿಂದ ಪಾಲು ಹಾಕುತ್ತಾರೆ. ನಮ್ಮ ದೇಶದಿಂದ ಹೋದವರೂ ಅದರಲ್ಲಿ ಬಹಳ ಮಂದಿ. ಅಲ್ಲಿ ಖರ್ಚು ಕಳೆದ ಬಾಡಿಗೆಯೇ ಶೇ 5ರ ಹತ್ತಿರ ಹುಟ್ಟುತ್ತಿತ್ತು, 2021ರಲ್ಲಿ ಸಾಲ ಅದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಆದ್ದರಿಂದ ಸಾಲ ಮಾಡಿದಷ್ಟೂ ಲಾಭ. 2022ರ ಮಾರ್ಚಿನಿಂದ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತ 2023ರ ಜುಲೈಗೆ ಸೊನ್ನೆಯ ಆಸುಪಾಸಿನಿಂದ ಶೇ 5.25ರ ಮೇಲಕ್ಕೆ ಒಯ್ದಿತು. ಏರಿಳಿಯುವ ಬಡ್ಡಿಯ ಸಾಲ ಮಾಡಿದ್ದವರ ಲೆಕ್ಕ ತಲೆಕೆಳಗಾಯಿತು. 2023ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ ನಗರದಲ್ಲಿ ಒಬ್ಬನೇ ಸಿಂಡಿಕೇಟರನ ಕೈಯಲ್ಲಿದ್ದ 3,200ಕ್ಕೂ ಹೆಚ್ಚು ಮನೆಗಳು ಸಾಲ ಕೊಟ್ಟವರ ಪಾಲಾದವು. ಹಿಂದಿನಿಂದ ಪಾಲು ಹಾಕಿದವರಿಗೆ ಸಾಲ ಕೊಟ್ಟವನ ನಂತರವೇ ಸರದಿ.

ನಮ್ಮಲ್ಲಿ ಈ ಲೆಕ್ಕ ಮೊದಲ ದಿನದಿಂದಲೇ ತಲೆಕೆಳಗು. ಬಾಡಿಗೆ ನಾಲ್ಕಾಣೆ, ಗೃಹಸಾಲದ ಬಡ್ಡಿ ಅದರ ಎರಡು ಪಟ್ಟಿಗೂ ಮೇಲೆ. ಸಾಲ ಮಾಡಿದಷ್ಟೂ ನಷ್ಟ. ಫ್ಲ್ಯಾಟಿನ ಬೆಲೆ ಏರಿದರೆ ಮಾತ್ರ ಲಾಭ ಉಂಟು, ಏರದಿದ್ದರೆ ಇಲ್ಲ. ಅದು ಜೂಜಲ್ಲದಿರಬಹುದು, ಆದರೆ ಬಾಡಿಗೆ ಆದಾಯ ಖಂಡಿತ ಅಲ್ಲ. ನಮ್ಮ ಶೇರು ಪೇಟೆಗೆ ಬಂದ ರೀಟ್ ಎಂಬ ಬಾಡಿಗೆ ಟ್ರಸ್ಟುಗಳು ಫ್ಲ್ಯಾಟು ಬಿಟ್ಟು ಆಫೀಸು, ಮಾಲುಗಳ ಬೆನ್ನು ಹತ್ತಿದ್ದು ಇದಕ್ಕೇ.

ಶೇರು ಪೇಟೆಯ ನಿಯಂತ್ರಕ ಸೆಬಿ ಈ ಟ್ರಸ್ಟುಗಳಿಗೆ ನಿಯಮ ಮಾಡಿದ್ದು 2014ರಲ್ಲಿ. ಮೊದಲು ಬಂದದ್ದು ಬೆಂಗಳೂರಿನ ಎಂಬೆಸಿ, 2019ರಲ್ಲಿ. ಆಗ 300 ರೂಪಾಯಿಯ 800 ಯೂನಿಟ್, ಅಂದರೆ 2.4 ಲಕ್ಷಕ್ಕಿಂತ ಕಡಿಮೆ ಹಾಕುವಂತಿರಲಿಲ್ಲ. ನಮ್ಮ ಮಾವನವರಂಥವರಿಗೆ ಆಗುವ ಮಾತಲ್ಲ. 2021ರ ನಂತರ ಒಂದೊಂದೇ ಯೂನಿಟ್ ಕೊಳ್ಳಬಹುದು. ಕನಿಷ್ಠ ಶೇ 80ರಷ್ಟು ಆಸ್ತಿ ಕಟ್ಟಿ ಮುಗಿದು ಬಾಡಿಗೆ ತರುತ್ತಿರಬೇಕು, ಹಂಚಬಹುದಾದ ನಗದಿನಲ್ಲಿ ಶೇ 90 ಹಂಚಲೇಬೇಕು. ನನ್ನ ಬಳಿ ಮೈಂಡ್‌ಸ್ಪೇಸ್ ಯೂನಿಟ್‌ಗಳು ಸ್ವಲ್ಪ ಇವೆ. ಅಕ್ಕನ ಮಗ ಮಾಧಾಪುರದಲ್ಲಿ ಅದೇ ಟ್ರಸ್ಟಿನ ಕಟ್ಟಡದಲ್ಲಿ ಕೆಲಸಕ್ಕೆ ಹೋಗುತ್ತಾನೆ. "ಮಾಮಾ, ನಮ್ಮ ಕಂಪನಿ ಕೊಡೋ ಬಾಡಿಗ್ಯಾಗ ನಿಂದೂ ಪಾಲದ" ಎಂದು ನಗುತ್ತಾನೆ. ಪಾಲು ಎಷ್ಟೆಂದು ಅವನಿಗೆ ಹೇಳಿಲ್ಲ, ಮರ್ಯಾದೆಯ ಪ್ರಶ್ನೆ.

ಇಲ್ಲೂ ಒಂದು ರೂಪಾಯಿ ಬಡ್ಡಿ ಇಲ್ಲ. ಎಂಟಾಣೆಯ ಆಚೀಚೆ ಬರುತ್ತದೆ, ಯೂನಿಟ್ ಬೆಲೆಯೂ ಏರಿಳಿಯುತ್ತದೆ. 2021ರಲ್ಲಿ 275 ರೂಪಾಯಿಗೆ ಬಂದ ಬ್ರೂಕ್‌ಫೀಲ್ಡ್ ಯೂನಿಟ್ 2023ರ ಕೊನೆಗೆ ಅದಕ್ಕಿಂತ ಕೆಳಗಿತ್ತು. ಆದರೆ ಮಗಳ ಲಗ್ನ ಗೊತ್ತಾದರೆ ಮಾರಿ ಬರಬಹುದು, ಯಾರ ಮನೆ ಬಾಗಿಲನ್ನೂ ಬಡಿಯಬೇಕಿಲ್ಲ. ಲಗ್ನದ ಮಾತು ಸುಮ್ಮನೆ ತೆಗೆಯಲಿಲ್ಲ.

ನಾವು ನಾಲ್ವರು ಪಾಲುದಾರರು ಸೇರಿ ಬೀದರಿನ ಮೈಲೂರು ಕಡೆ ಒಂದು ಕಟ್ಟಡ ಕಟ್ಟಿದ್ದೇವೆ, ವಿದ್ಯಾರ್ಥಿಗಳಿಗೆ ರೂಮುಗಳು. ಆ ಭಾಗದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಬೀದರಿಗೆ ನೀಟ್ ಓದಲೆಂದು ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ನೆಲ, ಕಟ್ಟಡ ಸೇರಿ 96 ಲಕ್ಷ ಬಿತ್ತು. ಖರ್ಚು ಕಳೆದು ತಿಂಗಳಿಗೆ ಸರಾಸರಿ 54 ಸಾವಿರ ಉಳಿಯುತ್ತದೆ, ಅಂದರೆ ಒಂಬತ್ತಾಣೆ. ಹೈದರಾಬಾದಿನ ಫ್ಲ್ಯಾಟಿಗಿಂತ ಎಷ್ಟೋ ವಾಸಿ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದರೆ ರೂಮು ಖಾಲಿ, ಬೇಸಿಗೆಯಲ್ಲಿ ಬೋರು ಬತ್ತಿದರೆ ಟ್ಯಾಂಕರಿಗೆ ಓಡಾಟ, ರಾತ್ರಿ ಮೋಟಾರು ಸುಟ್ಟರೆ ಫೋನು ನನಗೇ. ಹಾಕಿ ಮರೆಯುವ ರೊಕ್ಕ ಇದಲ್ಲ.

ಅದರಲ್ಲಿ ಔರಾದಿನ ಪಾಲುದಾರರೊಬ್ಬರು ಒಂದು ದಿನ ಬಂದು, "ಅಣ್ಣಾರ, ಮಗಳ ಲಗ್ನ ಗೊತ್ತಾಗ್ಯದ, ನನ್ನ ಪಾಲು ಬಿಡಿಸಿ ಕೊಡ್ರಿ" ಎಂದರು. ಇಂಥ ಕಡೆಯೇ ಗೆಳೆತನಗಳು ಕೋರ್ಟು ಹತ್ತುವುದು. ನಮ್ಮ ಕರಾರಿನಲ್ಲಿ ಅದಕ್ಕೆಂದೇ ಒಂದು ಪುಟವಿತ್ತು: ಹೊರಹೋಗುವವರು ಆರು ತಿಂಗಳ ಮುಂಚೆ ತಿಳಿಸಬೇಕು, ಉಳಿದವರಿಗೆ ಕೊಳ್ಳುವ ಮೊದಲ ಹಕ್ಕು, ಬೆಲೆ ಎಂದರೆ ಸಬ್‌ರಿಜಿಸ್ಟ್ರಾರ್ ಮಾರ್ಗಸೂಚಿ ದರ ಮತ್ತು ಇಂಜಿನಿಯರ್ ಕಟ್ಟಿದ ಬೆಲೆ ಇವೆರಡರ ಸರಾಸರಿ. ಯಾರಾದರೂ ತೀರಿಕೊಂಡರೆ ವಾರಸುದಾರರು ಅದೇ ಪಾಲಿಗೆ ಬರುತ್ತಾರೆ ಎಂದೂ ಬರೆಸಿದ್ದೆವು. ಬರೆಸದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಒಬ್ಬರ ಸಾವಿಗೇ ಪಾಲುದಾರಿಕೆ ಮುರಿದುಬೀಳುತ್ತದೆ. ನಾವು ಮೂವರು ಸೇರಿ ಅವರ ಪಾಲು ತೆಗೆದುಕೊಂಡೆವು, ಲಗ್ನವೂ ಆಯಿತು.

ಏಜೆಂಟ ತಂದಿದ್ದ ಕಾಗದಗಳಲ್ಲಿ ಹೊರಬರುವ ದಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ, ರೇರಾ ನೋಂದಣಿ ಸಂಖ್ಯೆಯೂ ಇರಲಿಲ್ಲ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಹೊಸ ಯೋಜನೆಗೆ ಆ ಸಂಖ್ಯೆ ಇಲ್ಲದೆ ಜಾಹೀರಾತನ್ನೇ ಕೊಡುವಂತಿಲ್ಲ. ಮಂದಿಯ ರೊಕ್ಕ ಒಟ್ಟುಗೂಡಿಸಿ ತಾನೇ ನಡೆಸುವ ಯೋಜನೆಗೆ ಸೆಬಿ ನೋಂದಣಿ ಬೇರೆ ಬೇಕು. ಹೊಲದ ಹೆಸರಿನಲ್ಲಿ ಪಿಎಸಿಎಲ್ ಎಂಬ ಕಂಪನಿ ಹೀಗೆಯೇ 49,100 ಕೋಟಿ ಎತ್ತಿತ್ತು. ಹಿಂದಿರುಗಿಸಿ ಎಂದು ಸೆಬಿ 2014ರಲ್ಲಿ ಆದೇಶಿಸಿದ ಮೇಲೂ ಜನ ವರ್ಷಗಟ್ಟಲೆ ಕಾದರು.

ಮಾವನವರು ಬಹುಪಾಲು ರೊಕ್ಕವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹಾಕಿದರು. ಅವರು ಹಾಕಿದಾಗ ಶೇ 8.2, ಹೆಚ್ಚುಕಡಿಮೆ ಹನ್ನೊಂದಾಣೆ. ಒಂದು ಲಕ್ಷಕ್ಕೆ ರೀಟ್ ಯೂನಿಟ್ ಕೊಂಡರು. ಬೆಲೆ ಇಳಿದ ದಿನ ನನಗೆ ಫೋನು ತಪ್ಪದು. ಔರಾದಿನವರಿಗೆ ಈಗ ಮತ್ತೆ ಒಳಗೆ ಬರುವ ಮನಸ್ಸು, ನಾವು ಮೇಲೊಂದು ಮಹಡಿ ಎಬ್ಬಿಸುವ ವಿಚಾರದಲ್ಲಿದ್ದೇವೆ. ಇವತ್ತಿನ ಬೆಲೆ ಕಟ್ಟಿಸಿ ಹೇಳಿದ್ದೇವೆ. ಅವರು ತಮ್ಮ ಹಳೆಯ ಬೆಲೆಗೇ ಕೊಡ್ರಿ ಅಂತ ಚೌಕಾಶಿ ನಡೆಸಿದ್ದಾರೆ.