ವಾಹನ ದುರಸ್ತಿಯ ಬಿಲ್ಲು: ಹಣ ಪಾವತಿಸುವ ಮುನ್ನ ಮತ್ತು ನಂತರ

ಕಚ್ಚಾ ಮಾಲು ಕೊಳ್ಳುವಾಗ ಕಿಲೋಗೆ ಐವತ್ತು ಪೈಸೆಯ ವ್ಯತ್ಯಾಸಕ್ಕಾಗಿ ಮೂರು ಕಡೆ ದರ ವಿಚಾರಿಸುವ ನಮ್ಮ ವರ್ತಕರು, ತಮ್ಮ ವಾಹನ ಗ್ಯಾರೇಜಿಗೆ ಹೋದಾಗ ಮಾತ್ರ ಅಲ್ಲಿ ಹೇಳಿದ ಮೊತ್ತವನ್ನು ಮರುಮಾತಿಲ್ಲದೆ ಕೊಟ್ಟು ಬರುತ್ತಾರೆ. ಸಣ್ಣ ಉದ್ದಿಮೆಗಳ ಲೆಕ್ಕಪರಿಶೋಧನೆಗೆ ಹೋದಾಗಲೆಲ್ಲ ಈ ವೈಚಿತ್ರ್ಯವನ್ನು ನಾನು ಗಮನಿಸಿದ್ದೇನೆ. ಖರೀದಿಯ ವೋಚರುಗಳ ಹಿಂದೆ ಆದೇಶಪತ್ರ, ದರಪಟ್ಟಿ, ತೂಕದ ಚೀಟಿ ಎಲ್ಲವೂ ಇರುತ್ತವೆ. ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಖಾತೆಯ ವೋಚರಿನ ಹಿಂದೆ ಎಣ್ಣೆ ಮೆತ್ತಿದ ಒಂದು ಬಿಲ್ಲು ಮಾತ್ರ ಇರುತ್ತದೆ. ಕೆಲಸದ ಒಳಮರ್ಮ ನಮಗೆ ತಿಳಿಯದು, ವಾಹನ ನಿಂತರೆ ಸರಕು ನಿಲ್ಲುತ್ತದೆ ಎಂಬ ಎರಡು ಕಾರಣಗಳು ಇದಕ್ಕೆ ಸಾಕು. ನಮ್ಮ ಸದಸ್ಯರಲ್ಲಿ ಗ್ಯಾರೇಜು ಮಾಲೀಕರೂ ಇದ್ದಾರೆ. ಪ್ರಾಮಾಣಿಕವಾಗಿ ದುಡಿಯುವ ಅವರಿಗೆ ಈ ಲೇಖನದಿಂದ ನೋವಾಗಬಾರದು. ವಾಸ್ತವವಾಗಿ, ಸರಿಯಾದ ಕಾಗದಪತ್ರಗಳು ಅವರನ್ನೂ ಕಾಪಾಡುತ್ತವೆ.

ಒಂದು ಬಿಲ್ಲಿನ ಪರಿಶೀಲನೆ

ಸಣ್ಣ ಕೈಗಾರಿಕೆ ನಡೆಸುವ ನನ್ನ ಕಕ್ಷಿದಾರರೊಬ್ಬರು ಇತ್ತೀಚೆಗೆ ತಮ್ಮ ಸರಕು ಸಾಗಣೆಯ ವಾಹನವನ್ನು ಕ್ಲಚ್ ಜಾರುತ್ತಿದೆ ಎಂಬ ಕಾರಣಕ್ಕೆ ಚಾಲಕನ ಮೂಲಕ ಗ್ಯಾರೇಜಿಗೆ ಕಳುಹಿಸಿದರು; ಹಾಗೆಯೇ ಎಂಜಿನ್ ಆಯಿಲ್ ಬದಲಾಯಿಸುವಂತೆಯೂ ತಿಳಿಸಿದ್ದರು. ದೂರವಾಣಿಯಲ್ಲಿ ‘ಇಪ್ಪತ್ತು, ಇಪ್ಪತ್ತೆರಡು ಸಾವಿರ ಆಗಬಹುದು’ ಎಂಬ ಉತ್ತರ ಬಂತು. ನಾಲ್ಕನೆಯ ದಿನ ಬಂದ ಬಿಲ್ಲು 41,300 ರೂ. ಅದರಲ್ಲಿ ತೆರಿಗೆಗೆ ಮುಂಚಿನ ಮೌಲ್ಯ 35,000, ಶೇಕಡಾ 18ರ ಜಿಎಸ್‌ಟಿ 6,300.

ಬಿಲ್ಲಿನ ವಿವರ ಹೀಗಿತ್ತು: ಕ್ಲಚ್ ಸೆಟ್ 11,800, ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ 6,000, ಕ್ಲಚ್ ಬದಲಾವಣೆಯ ಕೂಲಿ 4,500, ಇಂಜೆಕ್ಟರ್ ಕ್ಲೀನಿಂಗ್ 3,500, ಎಂಜಿನ್ ಆಯಿಲ್ 8 ಲೀಟರಿಗೆ 3,200, ಆಯಿಲ್ ಫಿಲ್ಟರ್ 500, ಬ್ರೇಕ್ ಶೂ 2,400, ಅದರ ಕೂಲಿ 1,600, ಕನ್ಸ್ಯೂಮಬಲ್ಸ್ 1,500.

ಮೊದಲ ಸಾಲಿನಿಂದಲೇ ಆರಂಭಿಸೋಣ. ಕ್ಲಚ್ ಸೆಟ್ಟಿನ ಖಾಲಿ ಪೆಟ್ಟಿಗೆ ಚಾಲಕನ ಸೀಟಿನ ಹಿಂದೆ ಸಿಕ್ಕಿತು. ಅದರ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಯೂ 11,800 ರೂ.ಗಳೇ. ಆದರೆ ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಬೆಲೆ. ಅದರೊಳಗಿನ ತೆರಿಗೆಯನ್ನು ಕಳೆದರೆ ಮೌಲ್ಯ 10,000 ಮಾತ್ರ. ಗ್ಯಾರೇಜಿನವರು 11,800ರ ಮೇಲೆ ಮತ್ತೊಮ್ಮೆ ಶೇಕಡಾ 18 ಸೇರಿಸಿ 13,924 ರೂ. ವಸೂಲು ಮಾಡಿದ್ದರು. ಇದು ಅತ್ಯಂತ ಸಾಮಾನ್ಯವಾದ, ಆದರೆ ಅತ್ಯಂತ ಕಡಿಮೆ ಜನ ಗಮನಿಸುವ ಅಧಿಕ ವಸೂಲಿ. ಪೊಟ್ಟಣದ ವಸ್ತುವನ್ನು ಎಂಆರ್‌ಪಿಗಿಂತ ಹೆಚ್ಚು ಬೆಲೆಗೆ ಮಾರುವುದು 2011ರ ಕಾನೂನು ಮಾಪನ (ಪೊಟ್ಟಣ ಸರಕುಗಳ) ನಿಯಮಗಳಿಗೆ ವಿರುದ್ಧ. ಈ ಬಗ್ಗೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ಆದ್ದರಿಂದ ಹಳೆಯ ಬಿಡಿಭಾಗದ ಜೊತೆಗೆ ಹೊಸದರ ಪೆಟ್ಟಿಗೆಯನ್ನೂ ಕೇಳಿ ಪಡೆಯುವುದು ಒಳ್ಳೆಯದು.

ಎರಡನೆಯದು ಕೂಲಿ. ಗೇರ್‌ಬಾಕ್ಸ್ ಇಳಿಸದೆ ಕ್ಲಚ್ ಪ್ಲೇಟ್ ಬದಲಾಯಿಸಲು ಆಗುವುದಿಲ್ಲ. ಇಳಿಸಿ ಏರಿಸುವುದೇ ಆ ಕೆಲಸದ ಬಹುಪಾಲು. ಒಂದೇ ಕೆಲಸವನ್ನು ಎರಡು ಹೆಸರಿನಲ್ಲಿ ಬರೆದಾಗ ಓದುವವರಿಗೆ ಎರಡು ಕೆಲಸಗಳಂತೆ ಕಾಣುತ್ತದೆ. ತಿಳಿದ ಇನ್ನೊಬ್ಬ ಮೆಕ್ಯಾನಿಕನಿಗೆ ಬಿಲ್ಲು ತೋರಿಸಿದರೆ ಎರಡು ನಿಮಿಷದಲ್ಲಿ ಬಯಲಾಗುವ ವಿಷಯವಿದು.

ಆಯಿಲ್ ವಿಷಯಕ್ಕೆ ಮೆಕ್ಯಾನಿಕನೂ ಬೇಡ. ವಾಹನದ ಕೈಪಿಡಿಯಲ್ಲಿ ಫಿಲ್ಟರ್ ಸಹಿತ 6 ಲೀಟರ್ ಎಂದಿತ್ತು; ಬಿಲ್ಲಿನಲ್ಲಿ 8. ಪೀಪಾಯಿಯಿಂದ ಸುರಿಯುವ ಆಯಿಲ್‌ಗೆ ಅಳತೆಯ ಸಾಕ್ಷಿ ಯಾರು? ಡಬ್ಬಿಯ ಆಯಿಲ್ ಆದರೆ ಉಳಿದದ್ದು ನಮ್ಮದು, ಅದನ್ನು ವಾಹನದಲ್ಲಿಯೇ ಇಡುವಂತೆ ಹೇಳಬೇಕು. ಇನ್ನು ಕನ್ಸ್ಯೂಮಬಲ್ಸ್. ಬಟ್ಟೆ ಚೂರು, ಗ್ರೀಸು, ಸ್ಪ್ರೇಗಳಿಗೆ ಖರ್ಚು ಇಲ್ಲವೆಂದಲ್ಲ. ವಿವರವಿಲ್ಲದ 1,500 ರೂ. ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಬ್ರೇಕ್ ಶೂ ಬಗ್ಗೆ ನನ್ನ ಕಕ್ಷಿದಾರರು ಬಹಳ ಸಿಟ್ಟಾಗಿದ್ದರು, ಏಕೆಂದರೆ ಅವರು ಅದನ್ನು ಹೇಳಿಯೇ ಇರಲಿಲ್ಲ. ಆದರೆ ಹಳೆಯ ಶೂಗಳನ್ನು ತರಿಸಿ ನೋಡಿದಾಗ ಅವು ನಿಜವಾಗಿಯೂ ಸವೆದು ರಿವೆಟ್ ಕಾಣುತ್ತಿತ್ತು. ಹೇಳದೆ ಮಾಡಿದ ಕೆಲಸವಾದರೂ ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ್ದು, ಅದರ ಪ್ರಯೋಜನ ನಮಗೆ ಸಂದದ್ದು. 1872ರ ಕರಾರು ಕಾಯಿದೆಯ 70ನೆಯ ಕಲಮಿನ ಪ್ರಕಾರ ಅಂಥ ಕೆಲಸಕ್ಕೆ ಪ್ರತಿಫಲ ಕೊಡಬೇಕಾಗುತ್ತದೆ. ಆ 4,000 ರೂ.ಗಳನ್ನು ಆಕ್ಷೇಪಣೆಯಿಂದ ಬಿಡುವಂತೆ ನಾನೇ ಹೇಳಿದೆ. ಎಲ್ಲ ಸಾಲನ್ನೂ ಕೆಂಪು ಗೆರೆಯಿಂದ ಹೊಡೆದರೆ ನ್ಯಾಯವಾದ ಆಕ್ಷೇಪಣೆಯ ಬೆಲೆಯೂ ಇಳಿಯುತ್ತದೆ.

ಹೀಗೆ ಆಕ್ಷೇಪಣೆಗೆ ಉಳಿದದ್ದು ಮೌಲ್ಯದಲ್ಲಿ 12,100, ತೆರಿಗೆ ಸೇರಿ 14,278 ರೂ.

ವಾಹನವನ್ನು ತಡೆಹಿಡಿಯುವ ಹಕ್ಕು

‘ಬಿಲ್ಲು ಕೊಡದೆ ಗಾಡಿ ಬಿಡುವುದಿಲ್ಲ’ ಎಂದು ಗ್ಯಾರೇಜಿನವರು ಹೇಳಿದಾಗ ಅನೇಕರು ಅದನ್ನು ದೌರ್ಜನ್ಯವೆಂದು ಭಾವಿಸಿ ಪೊಲೀಸ್ ಠಾಣೆಗೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರ ಸಿಗುತ್ತದೆ. ಆ ಉತ್ತರದಲ್ಲಿ ಹುರುಳಿಲ್ಲದೆ ಇಲ್ಲ. ಕರಾರು ಕಾಯಿದೆಯ 170ನೆಯ ಕಲಮಿನ ಪ್ರಕಾರ, ತನ್ನ ವಶಕ್ಕೆ ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ್ಯ ವ್ಯಯಿಸಿದವನಿಗೆ ತಕ್ಕ ಪ್ರತಿಫಲ ಸಿಗುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕುಂಟು. ಆದರೆ ಈ ಹಕ್ಕಿಗೆ ಎರಡು ಎಲ್ಲೆಗಳಿವೆ. ಒಪ್ಪಿಸಿದ ಉದ್ದೇಶಕ್ಕೆ ಅನುಗುಣವಾಗಿ ಮಾಡಿದ ಕೆಲಸಕ್ಕೆ ಮಾತ್ರ ಅದು ಅನ್ವಯ. ಜೊತೆಗೆ ಆ ವಾಹನದ ಕೆಲಸಕ್ಕೆ ಮಾತ್ರ. ನಿಮ್ಮ ಇನ್ನೊಂದು ವಾಹನದ ಹಳೆಯ ಬಾಕಿಗಾಗಿ ಈ ವಾಹನವನ್ನು ಹಿಡಿಯುವ ಸಾಮಾನ್ಯ ಹಕ್ಕು, 171ನೆಯ ಕಲಮಿನಲ್ಲಿ ಬ್ಯಾಂಕು ಮೊದಲಾದ ಕೆಲವರಿಗೆ ಉಂಟೇ ಹೊರತು, ಬೇರೆ ಕರಾರು ಇಲ್ಲದಿದ್ದರೆ ಗ್ಯಾರೇಜಿಗೆ ಇಲ್ಲ. ಜಾಬ್ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅಂಥ ಕರಾರು ಅಡಗಿರಬಹುದು. ಸಹಿ ಮಾಡುವ ಮುನ್ನ ಒಮ್ಮೆ ತಿರುಗಿಸಿ ನೋಡಬೇಕು.

ಸರಕು ಕಾಯುತ್ತಿರುವಾಗ ವಾದಿಸಿ ಪ್ರಯೋಜನವಿಲ್ಲ. ಅಂಥ ಸಂದರ್ಭದಲ್ಲಿ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕ ಪಾವತಿಸಿ, ಬಿಲ್ಲಿನ ಪ್ರತಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು, ವಾಹನ ಬಿಡಿಸಿಕೊಳ್ಳುವ ಸಲುವಾಗಿ ಪಾವತಿಸಲಾಗಿದೆ’ ಎಂದು ಬರೆದು, ಯಾವ ಸಾಲಿಗೆ ಏಕೆ ಆಕ್ಷೇಪಣೆ ಎಂಬುದನ್ನು ಅದೇ ದಿನ ಇಮೇಲ್ ಅಥವಾ ನೋಂದಾಯಿತ ಪತ್ರದ ಮೂಲಕ ತಿಳಿಸುವುದು ಉತ್ತಮ. ತಪ್ಪು ತಿಳಿವಳಿಕೆಯಿಂದಲೋ ಬಲವಂತದಿಂದಲೋ ಸಂದಾಯವಾದ ಹಣವನ್ನು ಹಿಂದಿರುಗಿಸಬೇಕೆಂದು ಅದೇ ಕಾಯಿದೆಯ 72ನೆಯ ಕಲಮು ಹೇಳುತ್ತದೆ. ಮೌನವಾಗಿ ಕೊಟ್ಟವನು ಒಪ್ಪಿ ಕೊಟ್ಟನೆಂದು ವಾದಿಸುವುದು ಎದುರಾಳಿಗೆ ಸುಲಭ. ನನ್ನ ಕಕ್ಷಿದಾರರು ಹೀಗೆಯೇ ಮಾಡಿದರು.

ತಿಂಗಳ ಲೆಕ್ಕದಲ್ಲಿ ಕೆಲಸ ಮಾಡಿಸುವವರು ಇನ್ನೊಂದು ವಿಷಯ ನೆನಪಿಡಬೇಕು. ಗ್ಯಾರೇಜು ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವಿವಾದವಿದೆ ಎಂದು ಹಣ ತಡೆಯುವವರು ಸೇವೆ ಪಡೆದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿರಬೇಕು. ಫೋನಿನಲ್ಲಿ ಜಗಳವಾಡಿದ್ದು ಆಕ್ಷೇಪಣೆಯಲ್ಲ.

ಗ್ರಾಹಕ ಆಯೋಗದ ಬಾಗಿಲು ಯಾರಿಗೆ ತೆರೆದಿದೆ?

‘ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ, ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ‘ಗ್ರಾಹಕ’ರಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಒಂದು ಟೆಂಪೋ ಓಡಿಸುವವರಿಗೆ ವಿನಾಯಿತಿ ಉಂಟು. ಕಾರ್ಖಾನೆಯ ಸರಕು ವಾಹನಕ್ಕೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಕಾರಿನ ಮಾತು ಬೇರೆ. ಕಂಪನಿಯೊಂದು ತನ್ನ ನಿರ್ದೇಶಕರ ಉಪಯೋಗಕ್ಕಾಗಿ ಕೊಂಡ ಕಾರಿನ ಪ್ರಕರಣದಲ್ಲಿ, ಅದು ವಾಣಿಜ್ಯ ಉದ್ದೇಶವಲ್ಲವೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ವರ್ಷದ ಮೇ ತಿಂಗಳ ಇನ್ನೊಂದು ತೀರ್ಪಿನಂತೆ, ಸೇವೆಯನ್ನು ವಾಣಿಜ್ಯ ಉದ್ದೇಶಕ್ಕೆ ಪಡೆಯಲಾಗಿದೆ ಎಂದು ಸಾಬೀತುಪಡಿಸುವ ಭಾರ ಸೇವೆ ನೀಡಿದವರದೇ. ಕಾರಿನ ದುರಸ್ತಿಯಲ್ಲಿ ಮೋಸವಾದವರು ಎರಡು ವರ್ಷಗಳೊಳಗೆ, ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ಲು ಕೊಡದಿರುವುದು ಈ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಿದರೆ ಎಷ್ಟೋ ವಿವಾದಗಳು ಅಲ್ಲಿಯೇ ಬಗೆಹರಿಯುತ್ತವೆ.

ಸರಕು ವಾಹನದ ಮಾಲೀಕರಿಗೆ ಸಿವಿಲ್ ನ್ಯಾಯಾಲಯ ಇದ್ದೇ ಇದೆ, ಆದರೆ ಹದಿನಾಲ್ಕು ಸಾವಿರಕ್ಕೆ ಅಲ್ಲಿಗೆ ಹೋಗುವವರು ಕಡಿಮೆ. ದಾವೆ ಹೂಡುವ ಮುನ್ನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸುವ ಅವಕಾಶವನ್ನು ನಮ್ಮವರು ಹೆಚ್ಚು ಬಳಸಿಕೊಂಡಿಲ್ಲ. ಅಲ್ಲಿಯ ಐತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ.

ತೆರಿಗೆಯ ಮಾತು

‘ಬಿಲ್ಲು ಬೇಡವಾದರೆ ಜಿಎಸ್‌ಟಿ ಉಳಿಯುತ್ತದೆ ಸಾರ್’ ಎಂಬ ಮಾತಿಗೆ ಮರುಳಾದವರು ನಂತರ ದೂರು ಹೇಳಿಕೊಳ್ಳಲು ಎಲ್ಲಿಯೂ ಹೋಗುವಂತಿಲ್ಲ. ಸರಕು ಸಾಗಣೆ ವಾಹನದ ದುರಸ್ತಿಗೆ ಕೊಟ್ಟ ಜಿಎಸ್‌ಟಿ ಹುಟ್ಟುವಳಿ ತೆರಿಗೆ ಜಮೆಯಾಗಿ ನಮಗೆ ಹಿಂದಿರುಗುವಂಥದ್ದೇ. ಹಾಗಾಗಿ ‘ಉಳಿಯುವ’ ತೆರಿಗೆ ನಮ್ಮ ಖರ್ಚೇ ಅಲ್ಲ. ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನಗಳ ದುರಸ್ತಿಗೆ ಮಾತ್ರ, ಟ್ಯಾಕ್ಸಿಯಂಥ ಕೆಲವು ಉಪಯೋಗಗಳನ್ನು ಬಿಟ್ಟರೆ, 17(5)ನೆಯ ಕಲಮಿನಂತೆ ಈ ಜಮೆ ಸಿಗುವುದಿಲ್ಲ. ಕಾರಿನ ಬಿಲ್ಲಿಗೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಜಮೆ ಪಡೆದವರು ತಪಾಸಣೆಯಲ್ಲಿ ಬಡ್ಡಿ ಸಹಿತ ಕಟ್ಟಿದ್ದನ್ನು ನೋಡಿದ್ದೇನೆ.

ನೋಂದಣಿಯಿಲ್ಲದ ಗ್ಯಾರೇಜು ಬಿಲ್ಲಿನಲ್ಲಿ ತೆರಿಗೆ ವಿಧಿಸುವಂತಿಲ್ಲ; ಕಾಂಪೊಸಿಷನ್ ಪದ್ಧತಿಯವರೂ ಹಾಗೆಯೇ. ಬಿಲ್ಲಿನ ಮೇಲಿನ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಲು ಅರ್ಧ ನಿಮಿಷ ಸಾಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ದರ ಶೇಕಡಾ 18ಕ್ಕೆ ಇಳಿದಿದೆ. ಇನ್ನೂ 28 ಹಾಕಿದ್ದರೆ ಕೇಳಬೇಕು. ಒಂದು ದಿನದಲ್ಲಿ ಒಬ್ಬರಿಗೆ 10,000 ರೂ. ಮೀರಿ ನಗದಿನಲ್ಲಿ ಕೊಟ್ಟ ವೆಚ್ಚ ಆದಾಯ ತೆರಿಗೆಯ ಲೆಕ್ಕದಲ್ಲಿ ಮಾನ್ಯವಾಗುವುದಿಲ್ಲ ಎಂಬುದು ನಮ್ಮ ಓದುಗರಿಗೆ ಹೊಸದಲ್ಲ.

ಪ್ರತಿ ವಾಹನಕ್ಕೂ ಪ್ರತ್ಯೇಕ ಖಾತೆ ತೆರೆದು, ಬಿಲ್ಲಿನ ಜೊತೆ ಕಿಲೋಮೀಟರ್ ಓಟವನ್ನೂ ಬರೆದಿಡುವಂತೆ ನಾನು ಎಲ್ಲ ಕಕ್ಷಿದಾರರಿಗೂ ಹೇಳುತ್ತೇನೆ. ಒಂದೇ ವರ್ಷದಲ್ಲಿ ಎರಡು ಬಾರಿ ಬದಲಾದ ಬ್ಯಾಟರಿ ಹಾಗೆಯೇ ಕಣ್ಣಿಗೆ ಬೀಳುತ್ತದೆ. ದುರಸ್ತಿಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನೂ ಜಾಬ್ ಕಾರ್ಡಿನಲ್ಲಿಯೇ ಬರೆಸಬೇಕು: ‘ಅಂದಾಜಿಗಿಂತ 1,000 ರೂ. ಮೀರುವ ಯಾವುದೇ ಕೆಲಸಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಅಗತ್ಯ’ ಎಂಬ ಒಂದು ಸಾಲು ಸಾಕು; ವಾಟ್ಸ್‌ಆ್ಯಪ್ ಸಂದೇಶವೂ ಲಿಖಿತವೇ.

ನನ್ನ ಕಕ್ಷಿದಾರರ ಪ್ರಕರಣದಲ್ಲಿ ಆ ಸಾಲು ಇರಲಿಲ್ಲ. ಇಂಜೆಕ್ಟರ್ ಕ್ಲೀನಿಂಗಿಗೆ ಚಾಲಕನೇ ‘ಸರಿ, ಮಾಡಿ’ ಎಂದಿದ್ದನೆಂದು ಗ್ಯಾರೇಜಿನವರು ಹೇಳಿದರು, ಚಾಲಕನೂ ಅಲ್ಲಗಳೆಯಲಿಲ್ಲ. ಆ 3,500 ಹೋಯಿತು. ಉಳಿದ ನಾಲ್ಕು ಸಾಲುಗಳಿಗೆ, ಪೆಟ್ಟಿಗೆಯ ಛಾಯಾಚಿತ್ರ ಮತ್ತು ಕೈಪಿಡಿಯ ಪುಟವನ್ನು ಲಗತ್ತಿಸಿದ ಎರಡನೆಯ ಪತ್ರದ ನಂತರ, 8,600 ರೂ. ಮೌಲ್ಯ ಮತ್ತು 1,548 ರೂ. ತೆರಿಗೆ ಸೇರಿ 10,148 ರೂ. ಹಿಂದಿರುಗಿಸಲು ಅವರು ಒಪ್ಪಿದರು. ಮೊದಲು ನಗದಾಗಿ ಕೊಡಲು ಬಂದರು. ನಾವು ಕ್ರೆಡಿಟ್ ನೋಟ್ ಕೇಳಿದೆವು. ಮೂಲ ಬಿಲ್ಲಿನ ಪೂರ್ತಿ 6,300 ರೂ. ಜಮೆಯನ್ನು ಈಗಾಗಲೇ ಪಡೆದಿದ್ದುದರಿಂದ, ಆ ಟಿಪ್ಪಣಿಯ ಆಧಾರದ ಮೇಲೆ 1,548 ರೂ.ಗಳನ್ನು ಮುಂದಿನ ತಿಂಗಳ ರಿಟರ್ನಿನಲ್ಲಿ ಹಿಂದಿರುಗಿಸಿದೆವು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಗ್ಯಾರೇಜಿನವರು ಕ್ರೆಡಿಟ್ ನೋಟಿನ ಮೂಲಕ ತಮ್ಮ ತೆರಿಗೆಯನ್ನು ಇಳಿಸಿಕೊಳ್ಳಲಾಗುವುದಿಲ್ಲ. ಆದ್ದರಿಂದ ಹಿಂದಿನ ವರ್ಷದ ಬಿಲ್ಲುಗಳ ವಿವಾದವಿರುವವರು ಆ ದಿನಾಂಕಕ್ಕೆ ಮುಂಚೆಯೇ ಪತ್ರ ಬರೆಯತಕ್ಕದ್ದು.