ತೊಗರಿ ಗೋದಾಮಿಗೆ ಗಾಳಿ ಫ್ಯಾನು: ಅಳವಡಿಕೆ ಮತ್ತು ಸುರಕ್ಷಿತ ಪಾಲನೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕಪ್ಪು ಭೂಮಿಯಲ್ಲಿ ತೊಗರಿಯು ಪ್ರಮುಖ ಬೆಳೆ. ಡಿಸೆಂಬರ್-ಜನವರಿಯಲ್ಲಿ ರಾಶಿಯಾದ ಕಾಳನ್ನು ಒಳ್ಳೆಯ ಧಾರಣೆ ಬರುವವರೆಗೆ ಕಾದಿಡುವ ರೈತರು ಹಲವರು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಕಾಳು ಕೆಡದಿರಲೆಂದು, ದೂಳು ಹೊರಹೋಗಲೆಂದು ಗೋದಾಮು ಮತ್ತು ಕಿರು ಬೇಳೆ ಗಿರಣಿಗಳಿಗೆ ದೊಡ್ಡ ಫ್ಯಾನು ಹಾಕಿಸುವುದುಂಟು. ಆದರೆ ಫ್ಯಾನನ್ನು ಗೋಡೆಗೆ ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸರಿಯಾಗಿ ಅಳವಡಿಸದ ಫ್ಯಾನು ಕಾಳಿಗೂ ಉಪಯೋಗವಿಲ್ಲ, ಆಳಿಗೂ ಅಪಾಯ.

ಹಗೇವಿನ ಪಾಠ

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯಬಾರದೆಂಬುದು ಅವರ ಕಟ್ಟುನಿಟ್ಟು. ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ನಂದದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾಳು ಸಹ ಉಸಿರಾಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. "ಗಾಳಿ ಮೊದಲು, ಮನುಷ್ಯ ಆಮೇಲೆ" ಎಂಬ ಈ ನಿಯಮ ಇಂದಿನ ಗೋದಾಮಿಗೂ ಅನ್ವಯಿಸುತ್ತದೆ. ಆದರೆ ವಿಷಾನಿಲ ಬಳಸಿದ ಗೋದಾಮಿನಲ್ಲಿ ದೀಪದ ಪರೀಕ್ಷೆ ಸಲ್ಲದು. ಅದರ ಕಾರಣವನ್ನು ಮುಂದೆ ತಿಳಿಸಿದೆ.

ಎಷ್ಟು ದೊಡ್ಡ ಫ್ಯಾನು ಬೇಕು?

ಗೋದಾಮಿನ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಘನ ಅಡಿ ತಿಳಿಯಿರಿ. ಉದಾಹರಣೆಗೆ 40 ಅಡಿ ಉದ್ದ, 25 ಅಡಿ ಅಗಲ, 15 ಅಡಿ ಎತ್ತರದ ಗೋದಾಮು 15,000 ಘನ ಅಡಿ. ಗಂಟೆಗೆ 10 ಸಲ ಒಳಗಿನ ಗಾಳಿ ಬದಲಾಗಬೇಕೆಂದರೆ 1,50,000 ಘನ ಅಡಿ, ಅಂದರೆ ನಿಮಿಷಕ್ಕೆ 2,500 ಘನ ಅಡಿ ಗಾಳಿ ಹೊರಹೋಗಬೇಕು. ಈ ಸಾಮರ್ಥ್ಯವನ್ನು ಅಂಗಡಿಯಲ್ಲಿ ವಿಚಾರಿಸಿ, ಬರಹದಲ್ಲಿ ನೋಡಿ ಕೊಳ್ಳಿರಿ.

ಹೊರಹೋದಷ್ಟೇ ಗಾಳಿ ಒಳಬರಬೇಕು. ಬಾಗಿಲು, ಕಿಟಕಿ ಎಲ್ಲವನ್ನೂ ಮುಚ್ಚಿದರೆ ಫ್ಯಾನು ಸುಮ್ಮನೆ ತಿರುಗುತ್ತದೆ. ಮೇಲಿನ ಗೋದಾಮಿಗೆ ಫ್ಯಾನಿನ ಎದುರು ಗೋಡೆಯ ಕೆಳಭಾಗದಲ್ಲಿ 2 ಅಡಿ ಉದ್ದ, 2 ಅಡಿ ಅಗಲದ ಎರಡು ಕಿಂಡಿಗಳಿದ್ದರೆ ಸಾಕು. ಇಲಿ, ಹಕ್ಕಿ ಬರದಂತೆ ತಂತಿಜಾಲರಿ ಹಾಕಿಸಿರಿ.

ಅಳವಡಿಸುವಾಗ

1. ಫ್ಯಾನಿನ ಗಾಳಿ ನೆರೆಮನೆ, ದನದ ಕೊಟ್ಟಿಗೆ ಅಥವಾ ಕೂಲಿಕಾರರು ಕೂರುವ ಕಡೆಗೆ ಹೋಗಬಾರದು. ಮಳೆಗಾಲದ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ, ಅನುಕೂಲವಿದ್ದಲ್ಲಿ ಪೂರ್ವದ ಗೋಡೆಯೇ ಒಳಿತು.

2. ದೂಳು ಒಳಹೋಗದ, ಪೂರ್ತಿ ಮುಚ್ಚಿದ ಮೋಟಾರನ್ನೇ ಆರಿಸಿರಿ. ರೆಕ್ಕೆಗಳಿಗೆ ಎರಡೂ ಬದಿ ಬಿಗಿಯಾದ ಜಾಲರಿ ಇರತಕ್ಕದ್ದು.

3. ಸ್ವಿಚ್ಚು ಗೋದಾಮಿನ ಹೊರಗೆ, ಬಾಗಿಲ ಪಕ್ಕದಲ್ಲಿ, ಮಳೆ ಬೀಳದ ಪೆಟ್ಟಿಗೆಯಲ್ಲಿರಲಿ. ಒಳಗೆ ಕಾಲಿಡುವ ಮುನ್ನವೇ ಫ್ಯಾನು ಹಾಕಲು ಬರಬೇಕು.

4. ಅರ್ಥಿಂಗ್ ತಂತಿಯನ್ನು ಬಿಡಬೇಡಿರಿ. ಬೇಸಿಗೆಯಲ್ಲಿ ಕಪ್ಪು ಮಣ್ಣು ಒಣಗಿ ಬಿರುಕು ಬಿಡುವುದರಿಂದ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಬ್ರೇಕರನ್ನು ಹಾಕಿಸಿರಿ.

5. ಮೂರು ಫೇಸಿನ ಫ್ಯಾನು ಕೆಲವೊಮ್ಮೆ ಉಲ್ಟಾ ತಿರುಗಿ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಒಳಗಡೆಯಿಂದ ಜಾಲರಿಯ ಹತ್ತಿರ ಕಾಗದದ ಚೂರು ಹಿಡಿದು ನೋಡಿರಿ. ಅದು ಜಾಲರಿಗೆ ಅಂಟಿಕೊಂಡರೆ ಸರಿ. ಇಲ್ಲವಾದರೆ ಪರವಾನಗಿ ಪಡೆದ ವೈರ್‌ಮನ್ನನಿಂದ ಎರಡು ಫೇಸು ಅದಲುಬದಲು ಮಾಡಿಸಿರಿ.

ಯಾವಾಗ ಹಾಕಬೇಕು, ಯಾವಾಗ ಬೇಡ?

ಶೇಖರಿಸುವ ತೊಗರಿಯಲ್ಲಿ ತೇವಾಂಶ ಶೇ. 10ಕ್ಕಿಂತ ಹೆಚ್ಚಿರಬಾರದು. ಮಳೆ ಹಿಡಿದ ದಿನ ಫ್ಯಾನು ಹಾಕಿದರೆ ಹೊರಗಿನ ತೇವವನ್ನೇ ಒಳಗೆ ಕರೆದಂತಾಗುತ್ತದೆ. ಬಿಸಿಲು ಬಿದ್ದ ಒಣ ಹೊತ್ತಿನಲ್ಲಿ ಮಾತ್ರ ನಡೆಸಿರಿ. ಗಿರಣಿಯಲ್ಲಾದರೋ ಯಂತ್ರ ನಡೆಯುವಷ್ಟು ಹೊತ್ತೂ ಫ್ಯಾನು ನಡೆಯಬೇಕು. ಬೇಳೆಯ ಸಣ್ಣ ದೂಳು ಬೆಂಕಿ ಹಿಡಿಯಬಲ್ಲುದು. ಆದ್ದರಿಂದ ಒಳಗೆ ಬೀಡಿ ಸೇದುವುದು ಕೂಡದು.

ಹುಳಕ್ಕೆ ಗುಳಿಗೆ ಇಟ್ಟಾಗ

ಕಾಳು ಕೊರೆಯುವ ದುಂಬಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಬಳಸುವುದುಂಟು. ಇದು ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ಕಡು ವಿಷಾನಿಲ ಬಿಡುತ್ತದೆ. ಸಾಮಾನ್ಯ ರೈತರು ಇದನ್ನು ಸ್ವತಃ ಬಳಸಲು ಕಾನೂನು ಒಪ್ಪುವುದಿಲ್ಲ. ಅನುಮತಿ ಪಡೆದ ಕೀಟ ನಿಯಂತ್ರಣದವರಿಂದಲೇ ಮಾಡಿಸತಕ್ಕದ್ದು. ಜನ ಮಲಗುವ ಮನೆಯಲ್ಲಿ ಎಂದೂ ಬೇಡ.

ಗುಳಿಗೆ ಇರುವಷ್ಟು ದಿನ ಫ್ಯಾನು ನಿಂತಿರಬೇಕು, ಅದರ ಕಿಂಡಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರಬೇಕು. ಫಾಸ್ಫೀನ್ ತಾಮ್ರವನ್ನು ತಿನ್ನುವುದರಿಂದ ಮೋಟಾರಿನ ಸುರುಳಿ, ಸ್ವಿಚ್ಚಿನ ಭಾಗಗಳು ಕೆಡುತ್ತವೆ. ಆದ್ದರಿಂದ ಬಿಚ್ಚಲು ಬರುವ ಮೋಟಾರನ್ನು ಮೊದಲೇ ತೆಗೆದಿಡುವುದು ಒಳಿತು. ಅನಿಲ ದಟ್ಟವಾದರೆ ತಾನೇ ಹೊತ್ತಿಕೊಳ್ಳಬಲ್ಲುದು. ಹಗೇವಿನ ಇಂಗಾಲದ ಡೈ ಆಕ್ಸೈಡು ದೀಪ ನಂದಿಸಿ ಎಚ್ಚರಿಸುತ್ತಿತ್ತು, ಫಾಸ್ಫೀನ್ ಹಾಗೆ ಎಚ್ಚರಿಸುವುದಿಲ್ಲ.

ಅವಧಿ ಮುಗಿದ ಮೇಲೆ ಹೊರಗಿನಿಂದಲೇ ಬಾಗಿಲು, ಕಿಟಕಿ ತೆರೆದು, ಬಳಿಕ ಹೊರಗಿನ ಸ್ವಿಚ್ಚಿನಿಂದ ಫ್ಯಾನು ಹಾಕಬೇಕು. ತಜ್ಞರು ಮಾಪಕದಿಂದ ಅಳೆದು, ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.3 ಭಾಗಕ್ಕಿಂತ ಕಡಿಮೆ ಇದೆಯೆಂದು ಹೇಳುವವರೆಗೆ ಒಳಹೋಗಕೂಡದು. ವಾಸನೆ ಇಲ್ಲವೆಂದು ನಂಬಬೇಡಿರಿ.

ಪಾಲನೆ

ಹಂಗಾಮಿನಲ್ಲಿ ತಿಂಗಳಿಗೊಮ್ಮೆ ರೆಕ್ಕೆ, ಜಾಲರಿ ಮತ್ತು ಮೋಟಾರಿನ ದೂಳನ್ನು ಒಣ ಬಟ್ಟೆಯಿಂದ ತೆಗೆಯಿರಿ. ನೀರು ಎರಚಬಾರದು. ದೂಳು ಕವಿದ ಮೋಟಾರು ಕಾದು ಸುಡುತ್ತದೆ. ಬೋಲ್ಟು ಸಡಿಲವೇ, ರೆಕ್ಕೆ ಬಿರಿದಿದೆಯೇ, ಬೇರಿಂಗು ಸದ್ದು ಮಾಡುವುದೇ ನೋಡಿರಿ.

ನಮ್ಮ ಹಳ್ಳಿಗಳಲ್ಲಿ ಕರೆಂಟು ಯಾವಾಗ ಹೋಗುವುದೋ, ಯಾವಾಗ ಬರುವುದೋ ಹೇಳಲಾಗದು. ಕರೆಂಟು ಹೋಗಿದೆಯೆಂದು ರೆಕ್ಕೆಗೆ ಕೈಹಾಕಿದವನ ಬೆರಳು, ಅದು ಬಂದ ಕ್ಷಣದಲ್ಲಿ ಹೋದೀತು. ಮೇನ್ ಸ್ವಿಚ್ಚು ಆರಿಸಿ, ಫ್ಯೂಸು ತೆಗೆದು ಜೇಬಿನಲ್ಲಿಟ್ಟುಕೊಂಡು, "ಕೆಲಸ ನಡೆದಿದೆ, ಸ್ವಿಚ್ಚು ಹಾಕಬೇಡಿ" ಎಂಬ ಹಲಗೆ ತೂಗುಹಾಕಿ, ರೆಕ್ಕೆ ಪೂರ್ತಿ ನಿಂತ ಮೇಲೆಯೇ ಕೈಹಾಕಿರಿ. ಒಂದು ಫೇಸಿನ ಫ್ಯಾನಿನ ಕೆಪ್ಯಾಸಿಟರಿನಲ್ಲಿ ಆಮೇಲೂ ವಿದ್ಯುತ್ತು ಉಳಿದಿರುತ್ತದೆ. ಅದನ್ನು ವೈರ್‌ಮನ್ನನಿಗೆ ಬಿಡಿರಿ.

ಯಾರಾದರೂ ಒಳಗೆ ಬಿದ್ದರೆ

ಗಾಬರಿಯಿಂದ ಹಿಂದೆಯೇ ನುಗ್ಗಬೇಡಿರಿ. ಎತ್ತಲು ಹೋದವನೂ ಬೀಳುವುದುಂಟು. ಹೊರಗಿನಿಂದ ಬಾಗಿಲು ತೆರೆದು, ಫ್ಯಾನು ಹಾಕಿ, ಕೂಡಲೆ 108ಕ್ಕೆ ಕರೆ ಮಾಡಿರಿ.

ರಾಶಿ ಗೋದಾಮು ಸೇರುವ ಮುನ್ನವೇ ಫ್ಯಾನನ್ನೊಮ್ಮೆ ಪರೀಕ್ಷಿಸಿ, ಮೇಲಿನ ನಿಯಮಗಳನ್ನು ಆಳುಗಳಿಗೆ ತಿಳಿಸಿ ಹೇಳಿರಿ. ಕೆಟ್ಟ ಕಾಳನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು, ಹೋದ ಜೀವ ಬಾರದು.