ಆರದ ಕೆಂಪು ದೀಪ: ಹಳೇ ಹಾರ್ಡ್ ಡಿಸ್ಕ್‌ಗಳು ಕಲಿಸಿದ ಪಾಠಗಳು

ಕಂಪ್ಯೂಟರ್ ಆನ್ ಮಾಡಿ ಕಾಲು ಗಂಟೆಯಾದರೂ ಕ್ಯಾಬಿನೆಟ್ ಮುಂದಿನ, ಹಾರ್ಡ್ ಡಿಸ್ಕ್ ಕೆಲಸದಲ್ಲಿದೆ ಎಂದು ತೋರಿಸುವ ಕೆಂಪು ದೀಪ ಆರುವುದಿಲ್ಲ. ಒಳಗಿನ ಗರಗರ ಸದ್ದು ನಿಲ್ಲುವುದಿಲ್ಲ. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ ಕಾಯಬೇಕು. ಮನೆಗಳಿಂದ ರಿಪೇರಿಗೆ ಬರುವ ಹಳೇ ಯಂತ್ರಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ದೂರು ಇದು. ಇದಕ್ಕೆ ಎಲ್ಲೆಡೆ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾಡಿಬಿಡೋಣ.’ ಫಾರ್ಮ್ಯಾಟ್ ಮಾಡಿದರೆ ಮನೆಯವರ ಫೋಟೊಗಳು ಹೋಗಬಹುದು, ಕಾರಣ ಮಾತ್ರ ಹಾಗೇ ಉಳಿದುಬಿಡಬಹುದು. ಡಿಸ್ಕ್‌ನಿಂದ ಇಷ್ಟೊಂದು ಕೇಳುತ್ತಿರುವುದು ಯಾವ ಪ್ರೋಗ್ರಾಂ? ಕೇಳಿದ್ದನ್ನು ಕೊಡುವ ಶಕ್ತಿ ಡಿಸ್ಕ್‌ಗೆ ಇನ್ನೂ ಇದೆಯೇ? ಕೆಳಗಿನ ಪಾಠಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ಕಟ್ಟಿಕೊಂಡವು.

1. ಮೊದಲು ಫೋಟೊ, ಆಮೇಲೆ ರಿಪೇರಿ

ಡಿಸ್ಕ್ ಗಟ್ಟಿಯಾಗಿದೆ ಎಂದು ಖಚಿತವಾಗುವವರೆಗೆ ಅದು ಸಾಯುತ್ತಿದೆ ಎಂದೇ ತಿಳಿದು ನಡೆಯಬೇಕು. ಮದುವೆ ಆಲ್ಬಂ, ಮಕ್ಕಳ ವಿಡಿಯೊ, ಜಮೀನಿನ ಕಾಗದಗಳ ಸ್ಕ್ಯಾನ್, ಇವನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಂಡ ಮೇಲೆಯೇ ಉಳಿದ ಕೆಲಸ. ಕೆಟ್ಟ ಡಿಸ್ಕ್ ಮೇಲೆ ನಡೆಸುವ ಪ್ರತಿಯೊಂದು ಪರೀಕ್ಷೆಯೂ ಅದರ ಉಳಿದ ಆಯುಸ್ಸನ್ನು ತಿನ್ನುತ್ತದೆ.

2. ಸದ್ದು ಕೇಳಿ

ಏರಿಳಿತವಿರುವ ಗರಗರ ಸದ್ದು ಬಂದರೆ ಡಿಸ್ಕ್‌ನ ತಟ್ಟೆಯನ್ನು ಓದುವ ಹೆಡ್ ಅತ್ತಿಂದಿತ್ತ ಓಡುತ್ತಿದೆ, ಅಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಒಂದೇ ಲಯದಲ್ಲಿ ‘ಟಕ್… ಟಕ್…’ ಎಂದು ಬಂದು, ಆ ಹೊತ್ತಿಗೆ ಸ್ಕ್ರೀನ್ ಕೂಡ ನಿಂತುಬಿಟ್ಟರೆ ಓದಲು ಆಗುತ್ತಿಲ್ಲ ಎಂದರ್ಥ. ಆಗ ಪವರ್ ಆಫ್ ಮಾಡಿ. ಪದೇಪದೇ ಆನ್ ಮಾಡಿ ನೋಡಬೇಡಿ. ದೀಪ ಉರಿಯುತ್ತಿದ್ದರೂ ಸದ್ದೇ ಇಲ್ಲದಿದ್ದರೆ ಡಿವಿಡಿ ಡ್ರೈವ್ ತೆರೆದು ನೋಡಿ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎರಡಕ್ಕೂ ಒಂದೇ ದೀಪ. ಗೀರುಬಿದ್ದ ಡಿವಿಡಿ ಒಳಗೆ ಉಳಿದಿದ್ದರೂ ದೀಪ ಆರುವುದಿಲ್ಲ.

3. ‘100%’ ಒಂದನ್ನೇ ನೋಡಿ ತೀರ್ಮಾನಿಸಬೇಡಿ

ವಿಂಡೋಸ್ 8ರಿಂದ ಈಚೆಗೆ ಟಾಸ್ಕ್ ಮ್ಯಾನೇಜರ್‌ನಲ್ಲೇ ಡಿಸ್ಕ್‌ನ ಅಂಕಿಗಳು ಸಿಗುತ್ತವೆ. ಅಲ್ಲಿ ಕಾಣುವ 100% ಡಿಸ್ಕ್ ಬಿಡುವಿಲ್ಲದೆ ಇತ್ತು ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಕೆಲಸವಾಯಿತು ಎಂಬುದನ್ನಲ್ಲ. ಪಕ್ಕದ ಎರಡು ಅಂಕಿಗಳನ್ನೂ ಓದಬೇಕು: ಸೆಕೆಂಡಿಗೆ ಎಷ್ಟು ಎಂಬಿ ಓದಿ ಬರೆಯುತ್ತಿದೆ, ಒಂದು ಕೋರಿಕೆಗೆ ಉತ್ತರ ಕೊಡಲು ಎಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ.

7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅದರ ಅರ್ಧ ಹೊತ್ತು ಹಿಡಿಯುತ್ತದೆ. ಹೆಡ್ ಸರಿಯಲು ಇನ್ನೂ ಎಂಟೋ ಒಂಬತ್ತೋ ಮಿಲಿಸೆಕೆಂಡ್. ಹಾಗಾಗಿ ಚದುರಿದ ಜಾಗಗಳಿಂದ ಸೆಕೆಂಡಿಗೆ ಎಂಬತ್ತರ ಆಸುಪಾಸಿನಷ್ಟು ಬಾರಿ ಮಾತ್ರ ಅದು ಓದಬಲ್ಲದು. ಪ್ರತಿ ಸಲ 4 ಕೆಬಿ ಎಂದಾದರೆ ಸೆಕೆಂಡಿಗೆ ಅರ್ಧ ಎಂಬಿಯೂ ಆಗುವುದಿಲ್ಲ. ದೊಡ್ಡ ಸಿನಿಮಾ ಫೈಲನ್ನು ಒಂದೇ ಸಮನೆ ಓದುವಾಗ ಸೆಕೆಂಡಿಗೆ 100 ಎಂಬಿ ಕೊಡುವುದೂ ಇದೇ ಡಿಸ್ಕ್! ಅಂದರೆ ಆರೋಗ್ಯವಾಗಿರುವ ಡಿಸ್ಕ್ ಕೂಡ ಚಿಲ್ಲರೆ ಕೆಲಸ ಮುತ್ತಿಕೊಂಡಾಗ 100% ತೋರಿಸುತ್ತದೆ. ಬೇರೆ ಕೆಲಸವೇ ಇಲ್ಲದಿದ್ದರೂ ಉತ್ತರದ ಸಮಯ ಸಾವಿರಾರು ಮಿಲಿಸೆಕೆಂಡ್‌ಗೆ ಏರುತ್ತಿದ್ದರೆ ನೇರವಾಗಿ ಏಳನೇ ಪಾಠಕ್ಕೆ ಹೋಗಿ.

4. ಫೈಲಿನ ಹೆಸರು ಹಿಡಿಯಿರಿ

ರೆಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್‌ಗೆ ಹೋದರೆ ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟುತ್ತಿದೆ ಎಂಬುದು ಸಾಲಾಗಿ ಕಾಣುತ್ತದೆ. ವಿಂಡೋಸ್ 7ರಲ್ಲೂ ಇದು ಇದೆ. ಫೈಲಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎಲ್ಲ ಫೋಲ್ಡರ್‌ಗಳನ್ನೂ ಒಂದೊಂದಾಗಿ ಓದುತ್ತಿದ್ದರೆ ಆಂಟಿವೈರಸ್. ವಿಂಡೋಸ್‌ನ ಸರ್ಚ್ ಫೈಲ್ ಕಂಡರೆ ಇಂಡೆಕ್ಸಿಂಗ್. ಪೇಜ್ ಫೈಲ್ (ಮುಂದಿನ ಪಾಠ ನೋಡಿ) ಸದಾ ಮೇಲುಗಡೆಯೇ ಇದ್ದರೆ ಸಮಸ್ಯೆ ಡಿಸ್ಕ್‌ನದ್ದಲ್ಲ, ರ‍್ಯಾಮ್‌ನದ್ದು. ಎರಡು ಆಂಟಿವೈರಸ್ ಜೊತೆಗೇ ಓಡುತ್ತಿರುವ ಯಂತ್ರಗಳೂ ಬರುತ್ತವೆ. ಒಂದೇ ಫೈಲನ್ನು ಎರಡೂ ತಪಾಸಣೆ ಮಾಡುತ್ತಿರುತ್ತವೆ. ಒಂದನ್ನು ಪೂರ್ತಿ ತೆಗೆದುಹಾಕಿ.

5. ರ‍್ಯಾಮ್ ಸಾಲದಿದ್ದರೆ ಡಿಸ್ಕ್ ದುಡಿಯುತ್ತದೆ

2 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇಂದಿನ ಬ್ರೌಸರ್ ತೆರೆದು ನಾಲ್ಕು ಟ್ಯಾಬ್ ಇಟ್ಟರೆ ವಿಂಡೋಸ್‌ಗೆ ಜಾಗ ಸಾಲುವುದಿಲ್ಲ. ಅದು ಈಗ ಬಳಕೆಯಲ್ಲಿಲ್ಲದ್ದನ್ನು ಡಿಸ್ಕ್‌ನ ಪೇಜ್ ಫೈಲಿಗೆ ಬರೆದು, ಬೇಕಾದಾಗ ಮತ್ತೆ ಓದುತ್ತದೆ. ದಿನಸಿ ಅಂಗಡಿಯ ಮುಂದಿನ ಹಲಗೆ ತೀರಾ ಚಿಕ್ಕದಾದರೆ ಪ್ರತಿ ಸಾಮಾನಿಗೂ ಹಿಂದಿನ ಗೋದಾಮಿಗೆ ಓಡಬೇಕಾಗುತ್ತದಲ್ಲ, ಹಾಗೆ. ಇಂಥ ಕಡೆ ಪೇಜ್ ಫೈಲನ್ನೇ ಬಂದ್ ಮಾಡುವುದು ಪರಿಹಾರವಲ್ಲ; ಪ್ರೋಗ್ರಾಂಗಳು ಅರ್ಧಕ್ಕೇ ಮುಚ್ಚಿಕೊಳ್ಳುತ್ತವೆ. ರ‍್ಯಾಮ್ ಹೆಚ್ಚಿಸಿ. ಕೊಳ್ಳುವ ಮೊದಲು ಬೋರ್ಡ್‌ನಲ್ಲಿರುವುದು ಡಿಡಿಆರ್2 ಸ್ಲಾಟೋ ಡಿಡಿಆರ್3 ಸ್ಲಾಟೋ ನೋಡಿಕೊಳ್ಳಿ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ.

6. ಅಪರೂಪಕ್ಕೆ ಆನ್ ಆಗುವ ಯಂತ್ರಕ್ಕೆ ಬಾಕಿ ಕೆಲಸ ಜಾಸ್ತಿ

ಅಪ್‌ಡೇಟ್, ವೈರಸ್ ತಪಾಸಣೆ, ಇಂಡೆಕ್ಸಿಂಗ್, ಡಿಫ್ರ್ಯಾಗ್ ಇವನ್ನೆಲ್ಲ ವಿಂಡೋಸ್ ಯಂತ್ರ ಬಿಡುವಾಗಿದ್ದಾಗ ಮಾಡಲು ನೋಡುತ್ತದೆ. ಭಾನುವಾರ ಸಂಜೆ ಒಂದು ಗಂಟೆ ಮಾತ್ರ ಆನ್ ಆಗುವ ಮನೆಯ ಕಂಪ್ಯೂಟರಿಗೆ ಬಿಡುವೇ ಸಿಗುವುದಿಲ್ಲ. ಬಾಕಿ ಇದ್ದದ್ದೆಲ್ಲ ಆ ಒಂದು ಗಂಟೆಯಲ್ಲೇ ಮೇಲೆ ಬೀಳುತ್ತದೆ. ದೀಪ ಉರಿಯುತ್ತಿದೆ ಎಂದು ಬೇಸತ್ತು ಸ್ವಿಚ್ ಒತ್ತಿ ಆರಿಸಿದರೆ, ಅಥವಾ ಯುಪಿಎಸ್ ಇಲ್ಲದೆ ಕರೆಂಟ್ ಹೋದರೆ, ಅರ್ಧಕ್ಕೆ ನಿಂತ ಅಪ್‌ಡೇಟ್ ಮುಂದಿನ ಸಲ ಮತ್ತೆ ಶುರು. ಒಂದು ಮಧ್ಯಾಹ್ನವಿಡೀ ಯಾರೂ ಮುಟ್ಟದೆ, ನಿದ್ರೆಗೆ ಜಾರದಂತೆ ಆನ್ ಇಟ್ಟು ನೋಡಿ. ಏನೂ ಖರ್ಚಿಲ್ಲದೆ ಸರಿಹೋದ ಯಂತ್ರಗಳು ಬೇಕಾದಷ್ಟಿವೆ.

ಸಿಸ್‌ಮೇನ್ ಎಂಬ ಸೇವೆಯನ್ನು ಆಫ್ ಮಾಡಿ ಎಂಬ ಸಲಹೆಯೂ ಜನಪ್ರಿಯ. ಹಿಂದೆ ಸೂಪರ್‌ಫೆಚ್ ಎಂದಿದ್ದುದು ಇದೇ. ನೀವು ಹೆಚ್ಚಾಗಿ ಬಳಸುವ ಪ್ರೋಗ್ರಾಂಗಳನ್ನು ಮೊದಲೇ ರ‍್ಯಾಮ್‌ಗೆ ತಂದಿಡುವುದು ಇದರ ಕೆಲಸ. ಎರಡು ದಿನ ನಿಲ್ಲಿಸಿ ನೋಡಿ; ವ್ಯತ್ಯಾಸ ಕಾಣದಿದ್ದರೆ ಮತ್ತೆ ಆನ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಯಾವುದರಿಂದ ಗುಣವಾಯಿತು ಎಂಬುದು ತಿಳಿಯುತ್ತದೆ.

7. ಸ್ಮಾರ್ಟ್ ವರದಿಯ ನಾಲ್ಕು ಸಾಲು

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ; ಅದೇ ಸ್ಮಾರ್ಟ್ ವರದಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. 05 ಎಂಬ ಸಾಲು ಕೆಟ್ಟು ಬದಲಿಯಾದ ಸೆಕ್ಟರ್‌ಗಳದ್ದು. ಸಿ5 ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, ಸಿ6 ಸರಿಪಡಿಸಲಾಗದವು. ಇಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಎಚ್ಚರ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ. ಓದಲು ಬಾರದ ಒಂದೇ ಸೆಕ್ಟರ್‌ಗಾಗಿ ಡಿಸ್ಕ್ ಹಲವು ಸೆಕೆಂಡ್‌ಗಳ ಕಾಲ ಮತ್ತೆಮತ್ತೆ ಯತ್ನಿಸುತ್ತದೆ. ಆ ಹೊತ್ತೆಲ್ಲ ದೀಪ ಉರಿಯುತ್ತದೆ, ಮೌಸ್ ನಿಲ್ಲುತ್ತದೆ.

ಸಿ7 ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಸಾಗುವ ಮಾಹಿತಿಯಲ್ಲಿ ತಪ್ಪು ನುಸುಳುತ್ತಿದೆ ಎಂಬುದರ ಲೆಕ್ಕ ಅದು. ಹಳೆಯ ಎಣಿಕೆ ಅಳಿಯುವುದಿಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಏರಿಕೆ ನಿಂತರೆ ಸಾಕು.

8. ಎಸ್‌ಎಸ್‌ಡಿ ದೊಡ್ಡ ಪರಿಹಾರವೇ, ಆದರೆ ಕೊನೆಯ ಹೆಜ್ಜೆ

ಸಾಟಾ ಪೋರ್ಟ್ ಇರುವ ಯಾವುದೇ ಹಳೇ ಯಂತ್ರಕ್ಕೆ ಬಹುಮಟ್ಟಿಗೆ 2.5 ಇಂಚಿನ ಎಸ್‌ಎಸ್‌ಡಿ ಹೊಂದುತ್ತದೆ. ತಿರುಗುವ ತಟ್ಟೆ ಇಲ್ಲ, ಸರಿಯುವ ಹೆಡ್ ಇಲ್ಲ. ಮೂರನೇ ಪಾಠದ ಕಾಯುವಿಕೆಯೇ ಇಲ್ಲವಾಗುತ್ತದೆ. ಪೋರ್ಟ್ ಹಳೆಯ ಸಾಟಾ 2 ಆಗಿದ್ದರೂ ಚಿಲ್ಲರೆ ಕೆಲಸದಲ್ಲಿ ವೇಗ ಎದ್ದು ಕಾಣುತ್ತದೆ. ಆದರೆ ಕಾರಣ ಹುಡುಕದೆ ಎಸ್‌ಎಸ್‌ಡಿ ಹಾಕಿದರೆ, 2 ಜಿಬಿ ರ‍್ಯಾಮ್‌ನ ಯಂತ್ರ ಅದರ ಮೇಲೂ ಹಗಲಿರುಳು ಬರೆಯುತ್ತಲೇ ಇರುತ್ತದೆ. ಬರೆದಷ್ಟೂ ಆಗುವ ಸವೆತವನ್ನು ಮಾತ್ರ ಯಾವ ಸದ್ದೂ ಹೇಳುವುದಿಲ್ಲ.

9. ಯಂತ್ರ ಕೊಡುವಾಗ ಕಾರಣವನ್ನೂ ಕೊಡಿ

ಯಾವ ಪ್ರೋಗ್ರಾಂ, ಎಷ್ಟು ಮಿಲಿಸೆಕೆಂಡ್, ಸ್ಮಾರ್ಟ್‌ನ ನಾಲ್ಕು ಅಂಕಿ, ಏನು ಬದಲಿಸಿದಿರಿ, ಇಷ್ಟನ್ನು ಬಿಲ್ಲಿನ ಹಿಂದೆ ದಿನಾಂಕ ಹಾಕಿ ಬರೆದುಕೊಡಿ. ಆರು ತಿಂಗಳ ಮೇಲೆ ದೀಪ ಮತ್ತೆ ಆರದೆ ಉರಿದರೆ ಹೋಲಿಸಲು ಒಂದು ಆಧಾರ ಇರುತ್ತದೆ. ಅಂದು ಯಂತ್ರ ಯಾರ ಕೈಗೆ ಹೋದರೂ ಅವರು ಫಾರ್ಮ್ಯಾಟ್‌ನಿಂದ ಶುರುಮಾಡಬೇಕಾಗುವುದಿಲ್ಲ.